ಪೊಟ್ಟಣದ ಬೆನ್ನ ಮೇಲಿನ ಚರಿತ್ರೆ

ಅಡುಗೆಮನೆಯಿಂದ ಯಾವುದಾದರೂ ಒಂದು ಬಿಸ್ಕತ್ತಿನ ಪೊಟ್ಟಣ ತನ್ನಿ. ಅದರ ಮುಂಭಾಗ ಬೇಡ. ಅಲ್ಲಿರುವುದು ಗೋಧಿಯ ತೆನೆ, ಹಾಲಿನ ಧಾರೆ, ನಗುವ ಮಗು. ಅದನ್ನೆಲ್ಲ ನೀವು ಟಿವಿಯಲ್ಲೇ ಸಾಕಷ್ಟು ನೋಡಿದ್ದೀರಿ. ಹಿಂದಕ್ಕೆ ತಿರುಗಿಸಿ. ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದ ಕೆಲವು ಸಾಲುಗಳಿವೆಯಲ್ಲ, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ, ತೂಕ, ಎಂಆರ್‌ಪಿ, ತಯಾರಾದ ತಿಂಗಳು, 14 ಅಂಕಿಯ ಒಂದು ನಂಬರು, ಗ್ರಾಂ ಮಿಲಿಗ್ರಾಂಗಳ ಒಂದು ಪುಟ್ಟ ಕೋಷ್ಟಕ, ಇವನ್ನು ಯಾವ ಕಂಪನಿಯೂ ನಮ್ಮ ಮೇಲಿನ ಪ್ರೀತಿಯಿಂದ ಬರೆದದ್ದಲ್ಲ. ಕಾನೂನು ಬರೆಸಿದ್ದು. ಕಾನೂನು ಕೂಡ ತಾನಾಗಿ ಎಚ್ಚೆತ್ತು ಬರೆಸಿದ್ದು ಕಡಿಮೆ. ಒಂದು ಸಾಲಿನ ಹಿಂದೆ ಸಾವುಗಳಿವೆ, ಇನ್ನೊಂದರ ಹಿಂದೆ ಕೋರ್ಟು ಕಚೇರಿ ಅಲೆದವರಿದ್ದಾರೆ, ಮತ್ತೊಂದರ ಹಿಂದೆ ಸರ್ಕಾರವೂ ಬಿಡಿಸಲಾಗದ ತುಪ್ಪದ ಜಗಳವಿದೆ.

ಈ ಚರಿತ್ರೆ ಈಗ ಯಾಕೆ ಅಂತ ಕೇಳಬಹುದು. ಮುಂಬೈ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯೋ ಬಿಪಿಯೋ ಇಲ್ಲದ ಮನೆ ಹುಡುಕುವುದು ಕಷ್ಟವಾಗಿದೆ. ಊರಲ್ಲಿ ಅಜ್ಜಿ ಕುಟ್ಟಿದ ಮಸಾಲೆ, ಗಾಣದ ಎಣ್ಣೆ, ಎದುರೇ ಕರೆದ ಹಾಲು ಇದ್ದಾಗ ಲೇಬಲ್ ಓದುವ ಪ್ರಶ್ನೆಯೇ ಇರಲಿಲ್ಲ. ಈಗ ಬೆಳಗಿನ ಬ್ರೆಡ್ಡಿನಿಂದ ರಾತ್ರಿಯ ಉಪ್ಪಿನಕಾಯಿವರೆಗೆ ಎಲ್ಲವೂ ಪೊಟ್ಟಣದಲ್ಲೇ ಬರುತ್ತದೆ. ಹಾಸ್ಟೆಲಿನಲ್ಲಿರುವ ಹುಡುಗ ಹುಡುಗಿಯರಿಗಂತೂ ಪೊಟ್ಟಣವೇ ಅಡುಗೆಮನೆ. ನಾವು ಓದಲು ಬಾರದೆ ಬಿಡುತ್ತಿರುವ ಆ ನಾಲ್ಕು ಸಾಲುಗಳು ಅಲ್ಲಿಗೆ ಹೇಗೆ ಬಂದವು ಅಂತ ತಿಳಿದರೆ ಓದುವುದು ಸ್ವಲ್ಪ ಸುಲಭವಾಗುತ್ತದೆ.

ಪೊಟ್ಟಣಗಳೇ ಇಲ್ಲದ ಕಾಲದಲ್ಲೂ ಮೋಸ ಇತ್ತು, ಮೋಸ ಹಿಡಿಯುವವರೂ ಇದ್ದರು. ಅರಬ್ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಪೇಟೆ ಸುತ್ತಿ ತೂಕ, ಅಳತೆ, ಹಾಲು, ರೊಟ್ಟಿ, ಮಾಂಸ ಪರೀಕ್ಷಿಸುತ್ತಿದ್ದ. 12ನೇ ಶತಮಾನದಲ್ಲಿ ಸಿರಿಯಾದ ಅಲ್ ಶೈಝರಿ ಈ ಅಧಿಕಾರಿಗಳಿಗಾಗಿಯೇ ಒಂದು ಕೈಪಿಡಿ ಬರೆದ. ಹಿಟ್ಟು ನಾದುವವನು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕು, ಬೆವರು ಹಿಟ್ಟಿಗೆ ಬೀಳದಂತೆ ಹಣೆಗೂ ಪಟ್ಟಿ ಕಟ್ಟಬೇಕು ಅನ್ನುವ ಮಟ್ಟದ ವಿವರ ಅದರಲ್ಲಿದೆ. ಇಂದಿನ ಬೇಕರಿಯಲ್ಲಿ ತಲೆಗೆ ಬಲೆಟೋಪಿ ಹಾಕಿದ ಕೆಲಸಗಾರನನ್ನು ಕಂಡಾಗ ನನಗೆ ಈ ಪುಸ್ತಕ ನೆನಪಾಗುತ್ತದೆ. ದೆಹಲಿಯಲ್ಲಿ ಅಲಾವುದ್ದೀನ್ ಖಿಲ್ಜಿಯ ಪೇಟೆ ನಿಯಂತ್ರಣದ ಕಥೆ ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಚರಿತ್ರೆಕಾರ ಝಿಯಾವುದ್ದೀನ್ ಬರನಿ ಬರೆದಿರುವ ಪ್ರಕಾರ ಸುಲ್ತಾನ ಚಿಕ್ಕ ಹುಡುಗರ ಕೈಗೆ ಕಾಸು ಕೊಟ್ಟು ರೊಟ್ಟಿ, ಹಲ್ವ ತರಲು ಕಳಿಸುತ್ತಿದ್ದ. ತಂದದ್ದನ್ನು ತೂಗಿ, ಎಷ್ಟು ಕಡಿಮೆ ಬಿತ್ತೋ ಅಷ್ಟು ಮಾಂಸವನ್ನು ಅಂಗಡಿಯವನ ಮೈಯಿಂದಲೇ ಕತ್ತರಿಸುತ್ತಿದ್ದರಂತೆ. ಭಯಂಕರ ಶಿಕ್ಷೆ, ಇದನ್ನು ಹೊಗಳುವ ಅಗತ್ಯವಿಲ್ಲ. ಆದರೆ ಒಂದು ಮಾತು ಗಮನಿಸಿ. ಇಲ್ಲೆಲ್ಲ ಪರೀಕ್ಷೆ ಮಾಡುವವನು ರಾಜನ ಕಡೆಯ ಅಧಿಕಾರಿ. ಕೊಳ್ಳುವವನು ಸುಮ್ಮನೆ ನಂಬಬೇಕು, ಅಷ್ಟೇ. ಕೊಳ್ಳುವವನ ಕೈಗೇ ಮಾಹಿತಿ ಕೊಡಬೇಕು, ಅವನೇ ನೋಡಿ ತೀರ್ಮಾನಿಸಲಿ ಅನ್ನುವ ವಿಚಾರ ತೀರಾ ಈಚಿನದು.

ಬ್ರಿಟಿಷರ ಕಾಲದಲ್ಲಿ 1860ರ ದಂಡಸಂಹಿತೆಯ 272ನೇ ಕಲಮು ಆಹಾರ ಕಲಬೆರಕೆಗೆ ಆರು ತಿಂಗಳವರೆಗಿನ ಸೆರೆ ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ ಅಂತ ಬರೆಯಿತು. ಆಮೇಲೆ ಸುಮಾರು ಅರ್ಧ ಶತಮಾನ ಅದು ಪುಸ್ತಕದಲ್ಲೇ ಮಲಗಿತ್ತು ಅಂದರೂ ನಡೆಯುತ್ತದೆ. ಎಬ್ಬಿಸಿದ್ದು ತುಪ್ಪ. 1917ರಲ್ಲಿ ಕೋಲ್ಕತ್ತಾದಲ್ಲಿ ತುಪ್ಪಕ್ಕೆ ಪ್ರಾಣಿಗಳ ಕೊಬ್ಬು ಬೆರೆಸುತ್ತಿದ್ದಾರೆ ಅನ್ನುವ ಸುದ್ದಿ ಹಬ್ಬಿ ಊರೇ ಎದ್ದು ಕೂತಿತು. ಆ ತುಪ್ಪ ತಿಂದೆವಲ್ಲ ಅಂತ ಬ್ರಾಹ್ಮಣರು ಗುಂಪುಗುಂಪಾಗಿ ಹೂಗ್ಲಿ ನದಿಯ ದಡದಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡರು. ಬಂಗಾಳ ಸರ್ಕಾರ ತರಾತುರಿಯಲ್ಲಿ ಕಾನೂನು ತಂದಿತು. ನಂತರ ಪ್ರಾಂತಗಳು ಒಂದೊಂದಾಗಿ ಕಲಬೆರಕೆ ಕಾಯ್ದೆ ಮಾಡಿದವು, ಮದ್ರಾಸು 1918ರಲ್ಲಿ, ಬಂಗಾಳ 1919ರಲ್ಲಿ, ಬೊಂಬಾಯಿ 1925ರಲ್ಲಿ. ತಿನ್ನುವ ವಸ್ತುವಿನಲ್ಲಿ ಏನಿದೆ ಅನ್ನುವುದು ಹೊಟ್ಟೆಯ ಪ್ರಶ್ನೆ ಮಾತ್ರ ಅಲ್ಲ, ನಂಬಿಕೆಯ ಪ್ರಶ್ನೆಯೂ ಹೌದು ಅಂತ ಈ ದೇಶ ಆಗಲೇ ತೋರಿಸಿತ್ತು. ಈ ಎಳೆ ಮುಂದೆ ಮತ್ತೆ ಸಿಗುತ್ತದೆ.

1937 ಒಂದು ಮುಖ್ಯ ವರ್ಷ. ಆ ವರ್ಷವೇ ಕೃಷಿ ಉತ್ಪನ್ನಗಳಿಗೆ ದರ್ಜೆ ಮತ್ತು ಗುರುತು ಹಾಕುವ ಕಾಯ್ದೆ ಬಂತು. ಅದರಿಂದ ಹುಟ್ಟಿದ್ದು ಅಗ್‌ಮಾರ್ಕ್. ಜೇನು, ತುಪ್ಪ, ಮೆಣಸಿನ ಪುಡಿಗಳ ಮೇಲೆ ಇವತ್ತಿಗೂ ಕಾಣುವ ಆ ಮುದ್ರೆಯ ಹೆಸರು ಕೊಟ್ಟದ್ದು ಸರ್ಕಾರದ ಕೃಷಿ ಮಾರುಕಟ್ಟೆ ಸಲಹೆಗಾರರಾಗಿದ್ದ ಲಿವಿಂಗ್‌ಸ್ಟನ್. ಅದೇ ವರ್ಷವೇ ಡಾಲ್ಡಾ ಕೂಡ ಪೇಟೆಗೆ ಬಂತು.

ಡಾಲ್ಡಾದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮುಂಬೈಯವರಿಗೆ ಇದು ಮನೆಯ ಕಥೆ. ಲೀವರ್ ಕಂಪನಿ 1931ರಲ್ಲಿ ಹಿಂದೂಸ್ತಾನ್ ವನಸ್ಪತಿ ಎಂಬ ಸಂಸ್ಥೆ ಕಟ್ಟಿ, ಮರುವರ್ಷ ಶಿವಡಿಯಲ್ಲಿ ಕಾರ್ಖಾನೆ ಶುರು ಮಾಡಿತು. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ತುಪ್ಪದಂತೆ ಗಟ್ಟಿ ಮಾಡುವ ಕೆಲಸ. ಅದಕ್ಕೂ ಮುಂಚೆ ಇಂಥ ಸರಕನ್ನು ಇಲ್ಲಿಗೆ ತರಿಸುತ್ತಿದ್ದ ಡಚ್ ಕಂಪನಿಯ ಹೆಸರು ದಾದಾ. ಅದರ ನಡುವೆ ಲೀವರ್‌ನ 'ಲ' ಸೇರಿಸಿ ಡಾಲ್ಡಾ ಅಂತ ಮಾಡಿದರು. ಹಳದಿ ಡಬ್ಬಿ, ಅದರ ಮೇಲೊಂದು ಹಸಿರು ತಾಳೆಮರ. ಹೆಸರು, ಚಿತ್ರ, ಬಣ್ಣ ಮೂರೂ ಎಷ್ಟು ಗಟ್ಟಿಯಾಗಿ ಮನಸ್ಸಿನಲ್ಲಿ ಕೂತವೆಂದರೆ ಯಾವ ಕಂಪನಿಯ ವನಸ್ಪತಿಯೂ ಡಾಲ್ಡಾವೇ ಆಗಿಹೋಯಿತು. ಖಾಲಿ ಡಬ್ಬಿಗೆ ಗೋಧಿ ಅಳೆಯುವುದರಿಂದ ಹಿಡಿದು ಚಾಳಿನ ಸಾಲಿನಲ್ಲಿ ನೀರು ಹೊತ್ತು ನಿಲ್ಲುವವರೆಗೆ ಸಾವಿರ ಉಪಯೋಗ. ಮದುವೆಯ ಬಿರಿಯಾನಿಗೆ ತುಪ್ಪದ ಬದಲು ಇದೇ ಬೀಳುತ್ತಿತ್ತು, ಅಗ್ಗವಲ್ಲವೇ.

ಜಗಳ ಶುರುವಾದದ್ದು ಇಲ್ಲೇ. ಡಾಲ್ಡಾವನ್ನು ಡಾಲ್ಡಾ ಅಂತ ಮಾರಿದರೆ ತೊಂದರೆಯಿಲ್ಲ, ತುಪ್ಪಕ್ಕೆ ಬೆರೆಸಿ ತುಪ್ಪ ಅಂತ ಮಾರಿದರೆ? ಕಣ್ಣಿಗೂ ನಾಲಿಗೆಗೂ ಸಿಕ್ಕದು. ಗಾಂಧೀಜಿ ವನಸ್ಪತಿಯನ್ನು ವಿರೋಧಿಸಿದರು. ಸ್ವಾತಂತ್ರ್ಯದ ನಂತರ ನಿಷೇಧಿಸಿ ಎಂಬ ಕೂಗು ಎದ್ದಿತು. 1950ರ ದಶಕದಲ್ಲಿ ನೆಹರೂ ಸರ್ಕಾರ ಜನರ ಅಭಿಪ್ರಾಯ ಕೇಳಿದಾಗಲೂ ಖಚಿತ ಉತ್ತರ ಸಿಗಲಿಲ್ಲ. ಹಾಗಾದರೆ ವನಸ್ಪತಿಗೊಂದು ಬಣ್ಣ ಹಾಕಿಬಿಡೋಣ, ಬೆರೆಸಿದರೆ ಗೊತ್ತಾಗಲಿ ಅಂದರು. ಬಿಸಿಗೆ ಹೋಗದ, ಮೈಗೆ ಹಾನಿ ಮಾಡದ, ಸುಲಭವಾಗಿ ತೆಗೆಯಲಾಗದ ಬಣ್ಣ ಹುಡುಕಲು ಸಮಿತಿಗಳು ಕೂತವು, ಬಣ್ಣ ಸಿಗಲಿಲ್ಲ.

ಕೊನೆಗೆ ಕೈಹಿಡಿದದ್ದು ಎಳ್ಳೆಣ್ಣೆ. ಪ್ರತಿ ವನಸ್ಪತಿಯಲ್ಲೂ ಶೇ. 5 ಎಳ್ಳೆಣ್ಣೆ ಇರಲೇಬೇಕು ಅಂತ ನಿಯಮವಾಯಿತು. ರುಚಿಗಾಗಿ ಅಲ್ಲ. ಎಳ್ಳೆಣ್ಣೆಯಲ್ಲಿರುವ ಒಂದು ವಸ್ತು ಆಮ್ಲ ಮತ್ತು ಫರ್ಫ್ಯುರಲ್ ಜೊತೆ ಸೇರಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತುಪ್ಪಕ್ಕೆ ವನಸ್ಪತಿ ಬೆರೆಸಿದ್ದರೆ ಪ್ರಯೋಗಾಲಯದ ನಳಿಕೆ ಕೆಂಪೇರಿ ಕಳ್ಳನನ್ನು ತೋರಿಸಿಬಿಡುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ದೇಶದ ಅತಿ ಚತುರ ಲೇಬಲ್ ಇದೇ. ಡಬ್ಬಿಯ ಮೇಲೆ ಅಂಟಿಸಿದ್ದನ್ನು ಕಿತ್ತು ಹಾಕಬಹುದು, ಎಣ್ಣೆಯೊಳಗೇ ಕರಗಿಸಿದ್ದನ್ನು ಯಾರು ಕೀಳುತ್ತಾರೆ?

ಆದರೆ ಇಷ್ಟೆಲ್ಲ ಗಲಾಟೆಯ ನಡುವೆ ಡಬ್ಬಿಯೊಳಗಿನ ನಿಜವಾದ ಅಪಾಯ ಯಾರಿಗೂ ಗೊತ್ತಿರಲಿಲ್ಲ. ಎಣ್ಣೆಯನ್ನು ಅರೆಬರೆ ಗಟ್ಟಿ ಮಾಡುವಾಗ ಟ್ರಾನ್ಸ್ ಫ್ಯಾಟ್ ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಅಂತ ನೆದರ್‌ಲ್ಯಾಂಡ್ಸಿನ ಸಂಶೋಧಕರು ತೋರಿಸಿದ್ದು 1990ರಲ್ಲಿ. ನಮ್ಮಲ್ಲಿ ಅದರ ಮಿತಿ ಹಂತಹಂತವಾಗಿ ಇಳಿದು ಶೇ. 5ಕ್ಕೆ, 2021ರ ಜನವರಿಯಲ್ಲಿ ಶೇ. 3ಕ್ಕೆ, 2022ರ ಜನವರಿಯಲ್ಲಿ ಶೇ. 2ಕ್ಕೆ ಬಂತು. ಹಾಗೆ ನೋಡಿದರೆ 1937ರಿಂದ ಲೆಕ್ಕ ಹಾಕಿ, ಮೂರು ತಲೆಮಾರು ತಿಂದು ಮುಗಿಸಿದ ಮೇಲೆ. ಈಗ ನೀವು ಪೊಟ್ಟಣದಲ್ಲಿ ಹೈಡ್ರೋಜನೇಟೆಡ್ ಎಂಬ ಪದ ಕಂಡರೆ ಶಿವಡಿಯ ಈ ಕಥೆ ನೆನಪಿಸಿಕೊಳ್ಳಿ. ಇನ್ನೊಂದು ಸೂಕ್ಷ್ಮ, 100 ಗ್ರಾಂನಲ್ಲಿ 0.2 ಗ್ರಾಂಗಿಂತ ಕಡಿಮೆ ಇದ್ದರೆ ಕಂಪನಿಯವರು ಟ್ರಾನ್ಸ್ ಫ್ಯಾಟ್ ಇಲ್ಲ ಅಂತ ಬರೆದುಕೊಳ್ಳಬಹುದು. ಇಲ್ಲ ಅಂದರೆ ಪೂರ್ತಿ ಸೊನ್ನೆ ಅಂತಲ್ಲ.

ಸ್ವತಂತ್ರ ಭಾರತದ ಆಹಾರ ಕಲಬೆರಕೆ ತಡೆ ಕಾಯ್ದೆ 1954ರದು. ಅದು ಜಾರಿಗೆ ಬಂದದ್ದು 1955ರ ಜೂನ್ 1ರಂದು. ಪದಾರ್ಥದ ಹೆಸರು, ಅದರಲ್ಲಿರುವ ವಸ್ತುಗಳು, ತಯಾರಕನ ವಿಳಾಸ, ಇವು ಲೇಬಲ್ ಮೇಲೆ ಇರಬೇಕು ಅನ್ನುವ ನಿಯಮಗಳು ಇದರ ಕೆಳಗೇ ಬೆಳೆದವು. ಮಾದರಿಗಳ ಬಗ್ಗೆ ತಕರಾರು ಬಂದರೆ ಕೊನೆಯ ಮಾತು ಹೇಳುವ ಕೇಂದ್ರ ಪ್ರಯೋಗಾಲಯಗಳಲ್ಲಿ ಒಂದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐಗೆ ಸಿಕ್ಕಿತು, ಇನ್ನೊಂದು ಪುಣೆಯಲ್ಲಿದೆ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಆ ಸಂಸ್ಥೆಯ ಮುಂದೆ ಹಾದುಹೋಗುವವರು ಅರಮನೆಯ ಫೋಟೋ ತೆಗೆಯುತ್ತಾರೆ, ಒಳಗೆ ದೇಶದ ಬೇಳೆ ಬೆಲ್ಲಗಳ ಜಾತಕ ನೋಡುತ್ತಾರೆ ಅನ್ನುವುದು ಎಷ್ಟು ಜನರಿಗೆ ಗೊತ್ತು?

ತೂಕ ಮತ್ತು ಬೆಲೆಯ ಸಾಲುಗಳು ಬೇರೆ ದಾರಿಯಿಂದ ಬಂದವು. 1977ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ನಿವ್ವಳ ತೂಕ, ಪ್ಯಾಕ್ ಮಾಡಿದ ತಿಂಗಳು, ಬೆಲೆ ಮುದ್ರಿಸಬೇಕು ಅಂದವು. ಆಗ ಬೆಲೆಯ ಪಕ್ಕದಲ್ಲಿ ಸ್ಥಳೀಯ ತೆರಿಗೆ ಪ್ರತ್ಯೇಕ ಅಂತ ಬರೆಯಲು ಅವಕಾಶವಿತ್ತು. ಅಂಗಡಿಯವನು ಬಾಯಿಗೆ ಬಂದ ತೆರಿಗೆ ಸೇರಿಸುತ್ತಿದ್ದ ಅಂತ ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. 1990ರಲ್ಲಿ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಕಡ್ಡಾಯವಾದ ಮೇಲೆ ಎಂಆರ್‌ಪಿ ಅನ್ನುವುದು ಕನ್ನಡದ ಮಾತೇ ಆಗಿಹೋಯಿತು. ನಾವೆಲ್ಲ ಲೇಬಲ್‌ನಲ್ಲಿ ತಪ್ಪದೆ ಓದುವ ಒಂದೇ ಒಂದು ಸಾಲು ಅದು.

ಈಗ ಎಣ್ಣೆಗೆ ಬರೋಣ. 1998ರ ಆಗಸ್ಟ್, ದೆಹಲಿ. ಜನ ಕಾಲು ಊದಿಕೊಂಡು, ಉಸಿರಾಡಲಾಗದೆ ಆಸ್ಪತ್ರೆಗೆ ಬರತೊಡಗಿದರು. ಒಂದೇ ಮನೆಯ ನಾಲ್ಕೈದು ಮಂದಿ ಒಟ್ಟಿಗೆ. ಹುಡುಕಿದಾಗ ಎಲ್ಲರ ಮನೆಯಲ್ಲೂ ಸಾಸಿವೆ ಎಣ್ಣೆ. ಅದಕ್ಕೆ ಬೆರೆತದ್ದು ಆರ್ಜಿಮೋನ್ ಎಣ್ಣೆ. ಹಳದಿ ಹೂ ಬಿಡುವ, ಹಾಳು ಬಯಲಲ್ಲಿ ಬೆಳೆಯುವ ಒಂದು ಮುಳ್ಳುಗಿಡ ಅದು. ಬೀಜ ನೋಡಲು ಸಾಸಿವೆಯ ಹಾಗೇ ಇರುತ್ತದೆ. ಅದರಲ್ಲಿರುವ ಸಾಂಗ್ವಿನರೀನ್ ಎಂಬ ವಿಷ ರಕ್ತನಾಳಗಳನ್ನು ಸೋರುವಂತೆ ಮಾಡಿ ಮೈಯಲ್ಲಿ ನೀರು ತುಂಬಿಸುತ್ತದೆ. ಅರವತ್ತಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಹಾಸಿಗೆ ಹಿಡಿದರು. ಚಿಲ್ಲರೆಯಾಗಿ, ಬಾಟಲಿ ಕೊಟ್ಟು ನೂರು ಗ್ರಾಂ, ಇನ್ನೂರು ಗ್ರಾಂ ಎಣ್ಣೆ ಕೊಳ್ಳುವವರಿಗೆ ಆ ಎಣ್ಣೆ ಎಲ್ಲಿಯದು ಅಂತ ಕೇಳಲು ಒಂದು ಹೆಸರಾಗಲಿ ವಿಳಾಸವಾಗಲಿ ಇರಲಿಲ್ಲ.

ಅದೇ ವರ್ಷ ಖಾದ್ಯತೈಲ ಪ್ಯಾಕಿಂಗ್ ಆದೇಶ ಹೊರಬಿತ್ತು. ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಲ್ಲಿ ಬಿಟ್ಟರೆ ಉಳಿದೆಡೆ ಎಣ್ಣೆಯನ್ನು ಬಿಡಿಯಾಗಿ ಮಾರುವಂತಿಲ್ಲ, ಮುಚ್ಚಿದ ಪೊಟ್ಟಣದಲ್ಲೇ ಮಾರಬೇಕು, ಪೊಟ್ಟಣದ ಮೇಲೆ ತಯಾರಕನ ಹೆಸರಿರಬೇಕು. ಜೀವ ಉಳಿಸುವ ನಿಯಮ, ಸಂಶಯವಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಗಾಣ ನಂಬಿ ಬದುಕಿದವರು, ಡಬ್ಬದಿಂದ ಅಳೆದು ಕೊಡುತ್ತಿದ್ದ ಸಣ್ಣ ಅಂಗಡಿಯವರು ಪ್ಯಾಕಿಂಗ್ ಯಂತ್ರ, ಪರೀಕ್ಷೆಯ ಖರ್ಚು ಎಲ್ಲಿಂದ ತರಬೇಕು? ಲೇಬಲ್ ಅನ್ನುವುದು ಕೊಳ್ಳುವವನಿಗೆ ರಕ್ಷಣೆ ಕೊಡುತ್ತಲೇ ದೊಡ್ಡ ಕಂಪನಿಗೆ ಪೇಟೆಯನ್ನೂ ಕೊಟ್ಟಿತು. ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಪತ್ತಿರಿ ಮಾಡಿ ಮಾರುವ ನಮ್ಮ ಅಕ್ಕ ತಂಗಿಯರಿಗೂ ಇದೇ ಪ್ರಶ್ನೆ ಇಂದಿಗೂ ಎದುರಾಗುತ್ತದೆ. ಸಣ್ಣವರಿಗೆ ಸುಲಭವಾದ ನೋಂದಣಿ ಈಗ ಇದೆ. ಆ 14 ಅಂಕಿಯ ಸಂಖ್ಯೆ ನೋಡಿ, ಮೊದಲ ಅಂಕಿ 1 ಇದ್ದರೆ ಪೂರ್ಣ ಲೈಸೆನ್ಸು, 2 ಇದ್ದರೆ ಸಣ್ಣ ವ್ಯಾಪಾರಿಯ ನೋಂದಣಿ. 2 ಕಂಡರೆ ಕೀಳು ಅಂತ ತಿಳಿಯಬೇಡಿ, ಒಬ್ಬ ಸಣ್ಣ ವ್ಯಾಪಾರಿ ತನ್ನ ವಿಳಾಸ ಕೊಟ್ಟು ನಿಂತಿದ್ದಾರೆ ಅಂತಲೇ ಅರ್ಥ.

ಉಪ್ಪಿನ ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತಿದೆಯಲ್ಲ, ಅದು ಅಯೋಡಿನ್‌ನದು. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಡಾ. ರಾಮಲಿಂಗಸ್ವಾಮಿ ಮತ್ತವರ ಸಂಗಡಿಗರು 1956ರಿಂದ ನಡೆಸಿದ ಅಧ್ಯಯನ ಗಳಗಂಡಕ್ಕೆ ಅಯೋಡಿನ್ ಉಪ್ಪೇ ಮದ್ದು ಅಂತ ತೋರಿಸಿತು. ಕಡ್ಡಾಯ ಮಾಡಿ, 2000ದಲ್ಲಿ ತೆಗೆದು, 2006ರಲ್ಲಿ ಮತ್ತೆ ಕಡ್ಡಾಯ ಮಾಡಿದರು. ಅಷ್ಟು ಹೇಳಿದರೆ ಸಾಕು.

ಹಸಿರು ಚುಕ್ಕೆಯ ವಿಷಯ ಮಾತ್ರ ಅಷ್ಟರಲ್ಲಿ ಮುಗಿಯುವುದಿಲ್ಲ. ಮಾಂಸ, ಮೀನು, ಮೊಟ್ಟೆ ಅಥವಾ ಹಾಲು, ಹಾಲಿನ ಉತ್ಪನ್ನ ಬಿಟ್ಟು ಪ್ರಾಣಿಮೂಲದ ಬೇರೆ ಏನಾದರೂ ಸೇರಿದ್ದರೆ ಚೌಕದೊಳಗೆ ಕಂದು ಚುಕ್ಕೆ ಹಾಕಬೇಕು ಎಂಬ ನಿಯಮ 2001ರ ಅಕ್ಟೋಬರಿನಲ್ಲಿ ಜಾರಿಗೆ ಬಂತು, ಹಸಿರು ಚುಕ್ಕೆ ಮರುವರ್ಷ. ಆ ಹೊತ್ತಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ನಡೆಯುತ್ತಿತ್ತು. ಆಹಾರ ಮಾತ್ರವಲ್ಲ, ಔಷಧ ಮತ್ತು ಸೌಂದರ್ಯ ಸಾಮಗ್ರಿಗಳಲ್ಲೂ ಪ್ರಾಣಿಮೂಲದ ವಸ್ತು ಇದ್ದರೆ ಕೊಳ್ಳುವವನಿಗೆ ತಿಳಿಸಬೇಕು ಅನ್ನುವುದು ಅದರ ಬೇಡಿಕೆ. ಅರ್ಜಿದಾರರ ಹೆಸರು ಉಝೈರ್ ಹುಸೇನ್. ಸಸ್ಯಾಹಾರಿಗಳ ಹಕ್ಕಿನ ಕೇಸನ್ನು ಒಬ್ಬ ಹುಸೇನರು ನಡೆಸಿದರು ಅಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಬಾಯಿಗೆ, ಮೈಗೆ ಹೋಗುವುದು ಏನು ಅಂತ ತಿಳಿಯುವ ಹಕ್ಕು ಯಾರದಾದರೇನು, ಹಕ್ಕು ಹಕ್ಕೇ. 2002ರ ನವೆಂಬರಿನಲ್ಲಿ ಹೈಕೋರ್ಟು ಅವರ ಮಾತನ್ನು ಒಪ್ಪಿತು, ಜೀವರಕ್ಷಕ ಔಷಧಗಳನ್ನು ಮಾತ್ರ ಹೊರಗಿಟ್ಟಿತು. ತಯಾರಕರು ಸುಪ್ರೀಂ ಕೋರ್ಟಿಗೆ ಹೋದರು. 2013ರಲ್ಲಿ ಆ ತೀರ್ಪು ರದ್ದಾಯಿತು. ಆದರೆ ಆಹಾರದ ಮೇಲಿನ ಚುಕ್ಕೆ ನಿಯಮದ ಬಲದಿಂದಲೇ ಉಳಿಯಿತು. ಆಮೇಲೆ, ಹಸಿರಿಗೂ ಕಂದಿಗೂ ವ್ಯತ್ಯಾಸ ಕಾಣದ ಬಣ್ಣಗುರುಡಿನವರಿಗಾಗಿ ಕಂದು ಚುಕ್ಕೆಯನ್ನು ತ್ರಿಕೋನ ಮಾಡಿದರು.

ಈ ಚುಕ್ಕೆ ನಮ್ಮ ಮನೆಗಳಲ್ಲೂ ಒಂದು ಕೆಲಸ ಮಾಡಿದೆ. ಅದಕ್ಕೂ ಮೊದಲು ಯಾರೋ ವಿದೇಶದಿಂದ ತಂದ ಪಟ್ಟಿಯ ಜೆರಾಕ್ಸ್ ಕೈಯಿಂದ ಕೈಗೆ ಹೋಗುತ್ತಿತ್ತು, ಇ ನಂಬರುಗಳ ಪಟ್ಟಿ. 471 ಅಂದರೆ ಹಂದಿ ಕೊಬ್ಬು, ಮುಟ್ಟಬೇಡಿ ಅಂತ. ಈಗ ಅದೇ ಪಟ್ಟಿ ಮೊಬೈಲಿನಲ್ಲಿ ತಿರುಗುತ್ತದೆ. ನಿಜ ಏನೆಂದರೆ 471 ಅನ್ನುವುದು ಎಣ್ಣೆ ನೀರು ಬೇರ್ಪಡದಂತೆ ಹಿಡಿಯುವ ವಸ್ತು. ಸಸ್ಯದಿಂದಲೂ ಬರಬಹುದು, ಪ್ರಾಣಿಯಿಂದಲೂ ಬರಬಹುದು. ನಂಬರು ಮೂಲ ಹೇಳುವುದಿಲ್ಲ. ಭಾರತದಲ್ಲಿ ತಯಾರಾದ ಪೊಟ್ಟಣದಲ್ಲಿ ಹಸಿರು ಚುಕ್ಕೆ ಇದ್ದರೆ ಅದು ಪ್ರಾಣಿಯ ಕೊಬ್ಬಿನಿಂದ ಬಂದದ್ದಲ್ಲ, ಜಿಲೆಟಿನ್ ಕೂಡ ಇಲ್ಲ ಅಂತ ತಯಾರಕನೇ ಬರೆದುಕೊಟ್ಟ ಹಾಗೆ. ಕಂದು ಗುರುತು ಯಾವ ಪ್ರಾಣಿ ಅಂತ ಹೇಳುವುದಿಲ್ಲ, ಕೇಕಿನಲ್ಲಿ ಬರೀ ಮೊಟ್ಟೆ ಇದ್ದರೂ ಅದು ಬೀಳುತ್ತದೆ. ಇನ್ನು ಹಸಿರು ಚುಕ್ಕೆಯನ್ನು ಆರೋಗ್ಯದ ಗುರುತು ಅಂತ ತಿಳಿಯುವವರು ಬಹಳ. ಅಲ್ಲ ಸ್ವಾಮಿ. ಸಕ್ಕರೆಗೂ ಹಸಿರು ಚುಕ್ಕೆಯೇ, ಕರಿದ ಚಿಪ್ಸಿಗೂ ಹಸಿರು ಚುಕ್ಕೆಯೇ.

2006ರಲ್ಲಿ ಹಳೆಯ ಕಾಯ್ದೆಗಳನ್ನೆಲ್ಲ ಒಟ್ಟುಮಾಡಿ ಆಹಾರ ಸುರಕ್ಷತಾ ಕಾಯ್ದೆ ತಂದರು. ಅದರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ. ನಿಯಮಗಳು ಜಾರಿಗೆ ಬಂದದ್ದು 2011ರ ಆಗಸ್ಟಿನಲ್ಲಿ. ಅಲ್ಲಿಂದ ಜಗಳದ ಸ್ವರೂಪವೇ ಬದಲಾಯಿತು. ಮೊದಲು ಪ್ರಶ್ನೆ ಒಳಗೆ ವಿಷ ಇದೆಯಾ ಅಂತ. ಈಗ ಹೊರಗೆ ಬರೆದದ್ದು ಸತ್ಯವಾ ಅಂತ.

ಮ್ಯಾಗಿಯ ಪ್ರಕರಣ ಶುರುವಾದದ್ದು ಇಂಥ ಒಂದು ಸಾಲಿನಿಂದಲೇ. 2014ರಲ್ಲಿ ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಆಹಾರ ಅಧಿಕಾರಿಯೊಬ್ಬರು ಪೊಟ್ಟಣದ ಮೇಲೆ 'ಎಂಎಸ್‌ಜಿ ಸೇರಿಸಿಲ್ಲ' ಅಂತ ಇದ್ದದ್ದನ್ನು ಓದಿ, ನೋಡೋಣ ಅಂತ ಮಾದರಿ ಕಳಿಸಿದರು. ಗ್ಲುಟಮೇಟ್ ಕಂಡಿತು. ನಾವು ಸೇರಿಸಿಲ್ಲ, ಪದಾರ್ಥಗಳಲ್ಲಿ ಸಹಜವಾಗಿ ಇರುವುದು ಅಂತ ಕಂಪನಿ ಹೇಳಿತು. ಮೇಲಿನ ಪ್ರಯೋಗಾಲಯದಲ್ಲಿ ಸೀಸವೂ ಮಿತಿ ಮೀರಿದೆ ಅಂತ ವರದಿ ಬಂತು. 2015ರ ಜೂನ್ 5ರಂದು ದೇಶದಾದ್ಯಂತ ವಾಪಸು ಪಡೆಯಲು ಆದೇಶ. ಆಗಸ್ಟ್ 13ಕ್ಕೆ ಬೊಂಬಾಯಿ ಹೈಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಪರೀಕ್ಷಿಸಿದ ಪ್ರಯೋಗಾಲಯಗಳಿಗೆ ಸರಿಯಾದ ಮಾನ್ಯತೆ ಇರಲಿಲ್ಲ, ಕಂಪನಿಯ ಅಹವಾಲು ಕೇಳಲಿಲ್ಲ ಅಂದಿತು. ಹೊಸ ಪರೀಕ್ಷೆಗಳಲ್ಲಿ ಸೀಸ ಮಿತಿಯೊಳಗೇ ಬಂತು. ಸರಕು ಪೇಟೆಗೆ ಮರಳಿತು. ಯಾರು ಗೆದ್ದರು ಯಾರು ಸೋತರು ಅನ್ನುವುದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಸಣ್ಣ ಊರಿನ ಒಬ್ಬ ಅಧಿಕಾರಿ ಲೇಬಲ್ ಓದಿದರು.

ಹೈದರಾಬಾದಿನವರಿಗೆ ಇನ್ನೊಂದು ಹೆಸರು ಪರಿಚಯವಿರಬೇಕು, ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್. ವಾಂತಿಭೇದಿಗೆ ಕೊಡುವ ಓಆರ್‌ಎಸ್ ಅನ್ನುವುದು ಒಂದು ಅಳತೆಯ ಮದ್ದು. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಇನ್ನೆರಡು ಲವಣ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಇಂಥ ದ್ರಾವಣದಿಂದಲೇ ಕಾಲರಾ ಹಿಡಿದವರನ್ನು ಉಳಿಸಿದ್ದು. ಆ ಮೂರು ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡು ಹಣ್ಣಿನ ರುಚಿಯ ಸಿಹಿ ಪಾನೀಯಗಳು ಔಷಧ ಅಂಗಡಿಯಲ್ಲೇ ಮಾರಾಟವಾಗುತ್ತಿದ್ದವು. ಸಕ್ಕರೆ ಮಾತ್ರ ಹಲವು ಪಟ್ಟು. ಭೇದಿ ಆಗುತ್ತಿರುವ ಮಗುವಿಗೆ ಇಷ್ಟು ಸಕ್ಕರೆ ಕೊಟ್ಟರೆ ಭೇದಿ ಇನ್ನೂ ಹೆಚ್ಚುತ್ತದೆ. ಈ ವೈದ್ಯೆ ವರ್ಷಗಟ್ಟಲೆ ಪತ್ರ ಬರೆದರು, ಕೋರ್ಟಿಗೆ ಹೋದರು, ವಿಡಿಯೋ ಮಾಡಿದರು. 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ಆಹಾರ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸುವ ಅನುಮತಿಯನ್ನೇ ಹಿಂತೆಗೆದುಕೊಂಡಿತು. ಹಾಲಿಗೆ ಬೆರೆಸುವ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಲ್ಲಿ ಇಡಬೇಡಿ ಅಂತ ಆನ್‌ಲೈನ್ ಅಂಗಡಿಗಳಿಗೆ ಸರ್ಕಾರ ಸೂಚಿಸಿದ್ದು 2024ರ ಏಪ್ರಿಲಿನಲ್ಲಿ. ಹೆಲ್ತ್ ಡ್ರಿಂಕ್ ಅನ್ನುವುದಕ್ಕೆ ಕಾನೂನಿನಲ್ಲಿ ಅರ್ಥವೇ ಇರಲಿಲ್ಲ. ನಮ್ಮ ತಾಯಂದಿರು ಮಾತ್ರ ದಶಕಗಳ ಕಾಲ ಅದನ್ನು ನಂಬಿದರು.

ಇಷ್ಟು ಹೊಡೆದಾಡಿ ಬರೆಸಿದ ಆ ಪುಟ್ಟ ಕೋಷ್ಟಕವನ್ನು ಈಗ ಓದೋಣ. ಮೊದಲು ಪದಾರ್ಥಗಳ ಪಟ್ಟಿ. ಅದು ತೂಕದ ಇಳಿಕೆಯ ಕ್ರಮದಲ್ಲಿ ಇರಬೇಕು, ಹೆಚ್ಚು ಇರುವುದು ಮೊದಲು. ಗೋಧಿ ಬ್ರೆಡ್ಡು ಅಂತ ಮುಂದೆ ಬರೆದು ಪಟ್ಟಿಯಲ್ಲಿ ಮೊದಲು ರಿಫೈನ್ಡ್ ವೀಟ್ ಫ್ಲೋರ್ ಅಂತ ಇದ್ದರೆ ಅದು ಮೈದಾ. ಇಫ್ತಾರಿಗೆ ತರುವ ಶರಬತ್ತಿನ ಬಾಟಲಿಯಲ್ಲಿ ಮೊದಲ ಹೆಸರು ಸಕ್ಕರೆಯದೇ. ಅದು ಮೋಸವಲ್ಲ, ಸಿರಪ್ಪಿನಲ್ಲಿ ಕರಗಿದ ಅಂಶ ಶೇ. 65ಕ್ಕಿಂತ ಕಡಿಮೆ ಇರಬಾರದು ಅಂತ ನಿಯಮವೇ ಇದೆ. ಎಷ್ಟು ಸುರಿಯಬೇಕು ಅನ್ನುವುದು ನಮ್ಮ ಕೈಯಲ್ಲಿದೆ. ಸಕ್ಕರೆಗೆ ಬೇರೆ ಹೆಸರುಗಳೂ ಇವೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಎಲ್ಲ ಅದೇ ಮನೆತನ. ಮಾಲ್ಟೋಡೆಕ್ಸ್‌ಟ್ರಿನ್ ಸಿಹಿ ಕಡಿಮೆ, ಆದರೆ ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಹಿಂದೆ ಬೀಳುವುದಿಲ್ಲ.

ಕೋಷ್ಟಕದಲ್ಲಿ 100 ಗ್ರಾಂನ ಸಾಲನ್ನೇ ಹಿಡಿಯಿರಿ. ಒಂದು ಸರ್ವಿಂಗ್ ಅಂತ ಅವರು ಬರೆದದ್ದು ಎರಡು ಬಿಸ್ಕತ್ತು ಇರಬಹುದು, ಚಹಾದ ಜೊತೆ ಎರಡಕ್ಕೇ ನಿಲ್ಲಿಸುವವರು ಯಾರು? 100 ಗ್ರಾಂನಲ್ಲಿ 25 ಗ್ರಾಂ ಸಕ್ಕರೆ ಅಂತಿದ್ದು ನೀವು 60 ಗ್ರಾಂ ತಿಂದರೆ 15 ಗ್ರಾಂ ಸಕ್ಕರೆ ಒಳಗೆ ಹೋಯಿತು. ಒಂದು ಚಮಚಕ್ಕೆ ಸುಮಾರು 4 ಗ್ರಾಂ, ಅಂದರೆ ಹತ್ತಿರ ಹತ್ತಿರ ನಾಲ್ಕು ಚಮಚ. ಬಿಪಿ ಇರುವವರು ಸೋಡಿಯಂ ಸಾಲು ನೋಡಿ. ಅಲ್ಲಿ ಬರೆದದ್ದು ಉಪ್ಪು ಅಲ್ಲ, ಅದನ್ನು ಎರಡೂವರೆಯಿಂದ ಗುಣಿಸಬೇಕು. 1000 ಮಿಲಿಗ್ರಾಂ ಸೋಡಿಯಂ ಅಂದರೆ ಎರಡೂವರೆ ಗ್ರಾಂ ಉಪ್ಪು, ಇಡೀ ದಿನದ ಮಿತಿ 5 ಗ್ರಾಂನಲ್ಲಿ ಅರ್ಧ. ಲೇಬಲ್‌ಗಳಲ್ಲಿ ಶೇಕಡಾವಾರು ಲೆಕ್ಕ ಹಾಕುವುದು ದಿನಕ್ಕೆ 2000 ಕ್ಯಾಲೊರಿ, 50 ಗ್ರಾಂ ಸೇರಿಸಿದ ಸಕ್ಕರೆ ಅಂತ ಇಟ್ಟುಕೊಂಡು. ಹತ್ತು ವರ್ಷದ ಮಗುವಿಗೂ ಸಕ್ಕರೆ ಕಾಯಿಲೆಯ ಅಜ್ಜನಿಗೂ ಆ ಲೆಕ್ಕ ಹೊಂದುವುದಿಲ್ಲ. ಸಕ್ಕರೆ ಇಲ್ಲ ಅನ್ನುವ ಬಿಸ್ಕತ್ತಿನಲ್ಲೂ ಮೈದಾ ಇರುತ್ತದೆ, ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ.

ಇದನ್ನೆಲ್ಲ ಯಾರು ಲೆಕ್ಕ ಹಾಕುತ್ತಾ ಕೂರುತ್ತಾರೆ ಅಂತ ನೀವು ಕೇಳಿದರೆ, ನ್ಯಾಯವಾದ ಪ್ರಶ್ನೆ. ಚಿಲಿ ದೇಶದಲ್ಲೂ ಹೀಗೇ ಕೇಳಿದರು. 2016ರ ಜೂನ್‌ನಿಂದ ಅಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿ ಮೀರಿದ ಪೊಟ್ಟಣದ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಬೀಳುತ್ತದೆ, ಓದು ಬಾರದವರಿಗೂ ತಿಳಿಯುತ್ತದೆ. ನಮ್ಮಲ್ಲಿ 2014ರಿಂದ ಸಮಿತಿಗಳು ಕೂತಿವೆ. 2022ರ ಕರಡು ನಕ್ಷತ್ರಗಳನ್ನು ಕೊಡೋಣ ಅಂದಿತು. ಹಾನಿ ಮಾಡುವ ತಿಂಡಿಗೂ ಒಂದೆರಡು ನಕ್ಷತ್ರ ಸಿಗುತ್ತದಲ್ಲ, ಇದೇನು ಎಚ್ಚರಿಕೆ ಅಂತ ಆರೋಗ್ಯದ ಕೆಲಸದಲ್ಲಿರುವವರು ತಕರಾರು ತೆಗೆದರು. ನನಗೂ ಅದೇ ಸರಿ ಅನಿಸುತ್ತದೆ, ನಕ್ಷತ್ರ ಬಹುಮಾನದ ಗುರುತು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ತಜ್ಞರ ಶಿಫಾರಸು ಕೊಡಿ ಅಂತ ಹೇಳಿತು. ಆ ಗಡುವೂ ಮುಂದಕ್ಕೆ ಹೋಯಿತು.

ಭಾಷೆಯ ಮಾತೂ ಇದೆ. ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಸಾಕು, ಉಳಿದ ಭಾಷೆ ಬೇಕಿದ್ದರೆ ಹಾಕಬಹುದು ಅನ್ನುವುದು ನಿಯಮ. ಬೇಕಿದ್ದರೆ ಅಂದದ್ದನ್ನು ಯಾವ ಕಂಪನಿ ಹಾಕುತ್ತದೆ? ಕನ್ನಡ ಓದಬಲ್ಲ, ಇಂಗ್ಲಿಷ್ ಓದಲಾಗದ ನಮ್ಮ ಹಿರಿಯರು ಊರಲ್ಲೂ ಅಷ್ಟೇ, ಮುಂಬೈಯಲ್ಲೂ ಅಷ್ಟೇ, ಮೊಮ್ಮಕ್ಕಳ ಕಣ್ಣನ್ನೇ ನಂಬಬೇಕು. ಓದುವ ಮಕ್ಕಳಿದ್ದರೆ ವಾರಕ್ಕೊಮ್ಮೆ ಮನೆಗೆ ತಂದ ಸಾಮಾನಿನ ಬೆನ್ನು ಓದಿ ಹೇಳಿ.

ಇನ್ನು ಐದು ರೂಪಾಯಿ, ಹತ್ತು ರೂಪಾಯಿ ಪೊಟ್ಟಣಗಳು. ಶಾಲೆಯ ಗೇಟಿನ ಹತ್ತಿರ ಮಕ್ಕಳು ಕೊಳ್ಳುವುದು ಇವನ್ನೇ, ದಿನಗೂಲಿಯವರ ಮನೆಗೆ ಹೋಗುವುದೂ ಇವೇ. ಮೇಲ್ಮೈ 100 ಚದರ ಸೆಂಟಿಮೀಟರ್ ಮೀರದ ಪೊಟ್ಟಣಕ್ಕೆ ಪದಾರ್ಥಗಳ ಪಟ್ಟಿಯಿಂದಲೂ ಪೋಷಕಾಂಶದ ಕೋಷ್ಟಕದಿಂದಲೂ ವಿನಾಯಿತಿ ಇದೆ. ಜಾಗ ಇಲ್ಲ ಅನ್ನುವುದು ಕಾರಣ. ಆ ವಿವರಗಳು ಪೊಟ್ಟಣಗಳನ್ನು ತುಂಬಿಸಿ ಬಂದ ದೊಡ್ಡ ಪ್ಯಾಕಿನ ಮೇಲೆ ಇರಬೇಕು. ಅಂಗಡಿಯವರು ಅದನ್ನು ಬಿಚ್ಚಿ, ಪೊಟ್ಟಣಗಳನ್ನು ಮಾಲೆ ಕಟ್ಟಿ ನೇತುಹಾಕಿ, ಖಾಲಿ ಪೆಟ್ಟಿಗೆಯನ್ನು ಸಂಜೆ ರದ್ದಿಯವರಿಗೆ ಕೊಟ್ಟುಬಿಡುತ್ತಾರೆ. ಒಮ್ಮೆ ಅದನ್ನು ಕೇಳಿ ತೆಗೆಸಿ ನೋಡಿ.